ಕದ್ದವರು ಒಂದು ದೇಶ, ಸರ್ವರ್ ಇನ್ನೊಂದು ದೇಶ: ಒಂದು ವೆಬ್‌ಸೈಟ್ ಕಳ್ಳತನದ ಪ್ರಕರಣ ಅಧ್ಯಯನ

ಮೊದಲು ಗೊತ್ತಾಗಿದ್ದು ಒಂದು ಬೈಗುಳದ ಮೇಲ್‌ನಿಂದ. ಕಾರ್ಯಕ್ರಮಗಳಿಗೆ ಸೀಟ್ ಬುಕ್ ಮಾಡೋ ಸಾಫ್ಟ್‌ವೇರ್ ಮಾರೋ ಒಂದು ಚಿಕ್ಕ ಸಂಸ್ಥೆ, ಅವರ ಸಪೋರ್ಟ್ ವಿಳಾಸಕ್ಕೆ ಯಾರೋ ಬರೆದಿದ್ರು, ದುಡ್ಡು ಇಸ್ಕೊಂಡು ಒಂದೇ ಸೀಟನ್ನ ಇಬ್ಬರಿಗೆ ಕೊಟ್ಟಿದೀರಲ್ಲ ನಾಚಿಕೆ ಆಗಲ್ವಾ ಅಂತ. ಡೇಟಾಬೇಸ್ ಎಲ್ಲ ತಡಕಾಡಿದ್ರೂ ಆ ಹೆಸರಿನ ಗಿರಾಕಿ ಇಲ್ಲ, ಆ ಕಾರ್ಯಕ್ರಮವೇ ಇಲ್ಲ. ಸ್ಕ್ರೀನ್‌ಶಾಟ್ ಕಳಿಸಿ ಅಂದ್ಮೇಲೆ ಬಂದ ಚಿತ್ರ ನೋಡಿದ್ರೆ ಪುಟ ಇವರದ್ದೇ, ಲೋಗೋ ಬೇರೆ, ನೀಲಿ ಇದ್ದಿದ್ದು ಹಸಿರಾಗಿದೆ, ಮೇಲೆ ಅಡ್ರೆಸ್ ಬಾರ್‌ನಲ್ಲಿ ಯಾವತ್ತೂ ಕೇಳಿರದ ಡೊಮೇನ್. ಕದ್ದವರು ಎಲ್ಲಾ ಕಡೆ ಹೆಸರು ಬದಲಾಯಿಸಿದ್ರು, ಪೇಮೆಂಟ್ ಫೇಲ್ ಆದಾಗ ಬರೋ ಎರರ್ ಮೆಸೇಜ್ ಒಂದರಲ್ಲಿ ಮಾತ್ರ ಮೂಲ ಸಂಸ್ಥೆಯ ಮೇಲ್ ವಿಳಾಸ ಹಾಗೇ ಉಳಿದುಬಿಟ್ಟಿತ್ತು.

ಇದರಲ್ಲಿ ನನ್ನ ಪಾಲು ತಾಂತ್ರಿಕ ಸಾಕ್ಷಿ ಜೋಡಿಸೋದು, ಕಾನೂನಿನ ಕಡೆ ವಕೀಲರು ನೋಡ್ಕೊಂಡ್ರು. ಯಾರ ಹೆಸರೂ ಹೇಳಲ್ಲ, ಅದರಿಂದ ನಿಮಗೆ ಉಪಯೋಗಾನೂ ಇಲ್ಲ. ಆದ್ರೆ ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ, ಇಡೀ ಪ್ರಕರಣ ಅದರ ಸುತ್ತಾನೇ ತಿರುಗುತ್ತೆ: ಈ ಸಂಸ್ಥೆ "ನಮ್ಮ ಸೈಟೇ ಕದ್ದಿದಾರೆ" ಅಂತ ದೊಡ್ಡದಾಗಿ ಕೇಳಿದಾಗೆಲ್ಲ ಏನೂ ಸಿಗ್ಲಿಲ್ಲ, ಈ ಫೈಲು, ಈ ಚಿತ್ರ, ಈ ಪ್ಯಾರಾ ಅಂತ ಚಿಕ್ಕದಾಗಿ ಕೇಳಿದಾಗ ಸಿಕ್ತು.

ಸೈಟಿನ ರಚನೆ ಸ್ವಲ್ಪ ಗೊತ್ತಿರಬೇಕು. ಎರಡು ಭಾಗ ಇತ್ತು, ಒಂದು ಮಾರ್ಕೆಟಿಂಗ್ ಪುಟಗಳು, ಅಂದ್ರೆ ಬರಹ, ಚಿತ್ರ, ಸಹಾಯದ ಪುಟ ಇತ್ಯಾದಿ, ಇನ್ನೊಂದು ಸೀಟ್ ಮ್ಯಾಪ್, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದು, ಬ್ರೌಸರ್‌ನಲ್ಲಿ ಓಡುತ್ತೆ. ಸೀಟನ್ನ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳೋ ಲಾಜಿಕ್, ಇಬ್ಬರು ಒಟ್ಟಿಗೆ ಒತ್ತಿದ್ರೆ ಯಾರಿಗೆ ಕೊಡ್ಬೇಕು ಅನ್ನೋ ಲೆಕ್ಕ, ಇದೆಲ್ಲ ಸರ್ವರ್‌ನಲ್ಲಿ. ಬ್ರೌಸರ್‌ಗೆ ಬಂದಿದ್ದನ್ನೆಲ್ಲ ಕದಿಯಬಹುದು, ಕದ್ದರು ಕೂಡ. ಸರ್ವರ್‌ನಲ್ಲಿ ಇದ್ದಿದ್ದು ಕೈಗೆ ಸಿಗ್ಲಿಲ್ಲ, ಅದಕ್ಕೆ ತಾವೇ ಏನೋ ಗೀಚಿ ಹಾಕಿದ್ರು, ಒಂದೇ ಸೀಟ್ ಇಬ್ಬರಿಗೆ ಹೋಗಿದ್ದು ಅದರಿಂದಾನೇ. ರೈಟ್ ಕ್ಲಿಕ್ ಬ್ಲಾಕ್ ಮಾಡೋದು, ಟೆಕ್ಸ್ಟ್ ಸೆಲೆಕ್ಟ್ ಆಗದಂಗೆ ಮಾಡೋದು ಇದೆಲ್ಲ ಈ ಸೈಟಲ್ಲೂ ಇತ್ತು ಕಣ್ರೀ, ನಿಜವಾದ ಓದುಗರಿಗೆ ಕಿರಿಕಿರಿ ಆಗಿದ್ದು ಬಿಟ್ರೆ ಬೇರೇನೂ ಆಗ್ಲಿಲ್ಲ.

ಸಿಟ್ಟಿನಲ್ಲಿ ಕಳೆದುಹೋದ ಸಾಕ್ಷಿ

ನನ್ನನ್ನ ಕರೆಯೋ ಹೊತ್ತಿಗೆ ಪಾಲುದಾರರಲ್ಲಿ ಒಬ್ರು ಆಗ್ಲೇ ಎರಡು ಕೆಲಸ ಮಾಡಿ ಮುಗಿಸಿದ್ರು. ಸೋಶಿಯಲ್ ಮೀಡಿಯಾದಲ್ಲಿ ಎರಡೂ ಸೈಟ್ ಪಕ್ಕಪಕ್ಕ ಹಾಕಿ ಕಳ್ಳರು ಅಂತ ಬರೆದಿದ್ರು, ಆಮೇಲೆ ಆ ಸೈಟಿನ ಕಾಂಟ್ಯಾಕ್ಟ್ ಫಾರ್ಮ್‌ನಲ್ಲಿ ಕೋರ್ಟಿಗೆ ಎಳೀತೀವಿ ಅಂತ ಬೆದರಿಕೆ. ಸಿಟ್ಟು ಅರ್ಥ ಆಗುತ್ತೆ. ಆದ್ರೆ ಅದರ ಫಲ ಏನಾಯ್ತು ಅಂದ್ರೆ, ನಕಲು ಸೈಟಲ್ಲಿ ಇದ್ದ ಇವರದೇ ಅನಾಲಿಟಿಕ್ಸ್ ಟ್ಯಾಗ್, ಅಂದ್ರೆ ಸೈಟಿಗೆ ಎಷ್ಟು ಜನ ಬಂದ್ರು ಅಂತ ಎಣಿಸೋ ಕೋಡ್, ಮಾಯ, ಕೆನಾನಿಕಲ್ ಟ್ಯಾಗ್‌ನಲ್ಲಿ (ಈ ಪುಟದ ಮೂಲ ವಿಳಾಸ ಇದು ಅಂತ ಸರ್ಚ್ ಎಂಜಿನ್‌ಗೆ ಹೇಳೋ ಸಾಲು) ಇವರ ಡೊಮೇನ್ ಇದ್ದಿದ್ದು ಮಾಯ, ಎರರ್ ಮೆಸೇಜ್ ಬದಲು.

ಪುಣ್ಯಕ್ಕೆ ಎಲ್ಲ ಅಳಿಸೋಕೆ ಅವರ ಕೈಲಿ ಆಗಲ್ಲ. ಪೂರ್ತಿ ಪುಟ ಎತ್ತಿ ಹಾಕಿದಾಗ ಅನಾಲಿಟಿಕ್ಸ್ ಕೋಡ್ ಕೂಡ ಜೊತೆಗೇ ಹೋಗಿರುತ್ತೆ, ಆಮೇಲೆ ಅಲ್ಲಿಗೆ ಬಂದ ಪ್ರತಿಯೊಬ್ಬರ ಲೆಕ್ಕವೂ ನಿಮ್ಮ ಅಕೌಂಟಿಗೆ ಬೀಳುತ್ತೆ. ಹೋಸ್ಟ್‌ನೇಮ್ ರಿಪೋರ್ಟ್ ತೆಗೆದು ನೋಡಿದ್ರೆ ಆ ಪರಕೀಯ ಡೊಮೇನ್ ಯಾವ ದಿನದಿಂದ ಶುರು ಆಗಿದೆ ಅಂತ ಸಾಲಾಗಿ ಇತ್ತು. ಯಾರೂ ಆ ರಿಪೋರ್ಟ್ ತೆಗೆದೇ ನೋಡಿರ್ಲಿಲ್ಲ ಅಷ್ಟೇ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಇವರ ಸೈಟಿನ ಹಳೇ ಪ್ರತಿಗಳು ಇದ್ವು, ನಕಲು ಸೈಟಿನದ್ದೂ ಒಂದು ಇತ್ತು, ಸಿಟ್ಟಿನ ಮೇಲ್ ಹೋಗೋಕೆ ಮುಂಚಿನದ್ದು. ಅದರ ಎಚ್‌ಟಿಎಂಎಲ್ ತೆಗೆದು ನೋಡಿದಾಗ ಒಂದು ಕಾಮೆಂಟ್ ಸಾಲು ಸಿಕ್ತು, ಮಿರರ್ಡ್ ಫ್ರಮ್ ಅಂತ ಶುರುವಾಗಿ ಇವರ ಡೊಮೇನ್, ಎಚ್‌ಟಿಟ್ರ್ಯಾಕ್ ಅನ್ನೋ ಟೂಲಿನ ಹೆಸರು, ತಾರೀಕು, ಸಮಯ. ಎಚ್‌ಟಿಟ್ರ್ಯಾಕ್ ಸೈಟನ್ನ ಪೂರ್ತಿ ಇಳಿಸಿಕೊಳ್ಳೋ ಉಚಿತ ಟೂಲು, ಸೆಟ್ಟಿಂಗ್ ಬದಲಾಯಿಸದೇ ಇದ್ರೆ ಪ್ರತಿ ಪುಟದಲ್ಲೂ ಎಲ್ಲಿಂದ ಯಾವಾಗ ತಂದಿದ್ದು ಅಂತ ತಾನೇ ಬರೆದಿಡುತ್ತೆ. ಕದಿಯೋರು ಇಷ್ಟು ಸೋಮಾರಿ ಆಗಿದ್ರೆ ನಮ್ಮಂಥೋರ ಕೆಲಸ ಅರ್ಧ ಮುಗಿದಂಗೆ.

ಜಾವಾಸ್ಕ್ರಿಪ್ಟ್ ಕಡೆ ಇನ್ನೂ ಬಲವಾಗಿದ್ದು ಸಿಕ್ತು. ಈ ಸಂಸ್ಥೆ ಕೋಡನ್ನ ಮಿನಿಫೈ ಮಾಡಿ ಹಾಕ್ತಿತ್ತು, ಅಂದ್ರೆ ವೇರಿಯೇಬಲ್ ಹೆಸರೆಲ್ಲ ಒಂದಕ್ಷರ ಎರಡಕ್ಷರ ಆಗಿರುತ್ತೆ, ಕಾಮೆಂಟ್ ಇರಲ್ಲ. ನಕಲು ಸೈಟಲ್ಲಿ ಇದ್ದ ಕೋಡ್ ಮಾತ್ರ ಪೂರ್ತಿ ಹೆಸರುಗಳ ಸಮೇತ ಇತ್ತು, ಮೂಲದಲ್ಲಿ ಪ್ರೋಗ್ರಾಮರ್ ಬರೆದ ಹಾಗೇ! ಹೆಂಗೆ ಸಾಧ್ಯ ಅಂದ್ರೆ ಸೋರ್ಸ್ ಮ್ಯಾಪ್. ಡೆವಲಪರ್‌ಗಳು ಬಗ್ ಹುಡುಕೋಕೆ ಇಟ್ಟುಕೊಳ್ಳೋ ಫೈಲ್ ಅದು, ಅದರೊಳಗೆ ಮೂಲ ಕೋಡ್ ಪೂರ್ತಿ ಇರಬಹುದು, ಪ್ರೊಡಕ್ಷನ್ ಸರ್ವರ್‌ನಲ್ಲಿ ತೆಗೆಯೋದು ಮರೆತ್ರೆ ಯಾರು ಬೇಕಾದ್ರೂ ಇಳಿಸ್ಕೋಬಹುದು. ಇಲ್ಲಿ ಮರೆತಿದ್ರು. ಆದ್ರೆ ಆ ಮರೆವೇ ಸಾಕ್ಷಿ ಆಯ್ತು, ಯಾಕಂದ್ರೆ "ನಾವೇ ಸ್ವತಂತ್ರವಾಗಿ ಬರೆದಿದ್ದು" ಅನ್ನೋ ಮಾತಿಗೆ ಅಲ್ಲಿ ಜಾಗಾನೇ ಉಳೀಲಿಲ್ಲ. ಅವೈಲಬಲ್ ಅನ್ನೋ ಪದದ ಸ್ಪೆಲ್ಲಿಂಗ್ ಒಬ್ಬ ಪ್ರೋಗ್ರಾಮರ್ ಯಾವಾಗ್ಲೂ ತಪ್ಪು ಬರೀತಿದ್ದ, ಆ ತಪ್ಪು ಅಲ್ಲೂ ಅದೇ ಜಾಗದಲ್ಲಿ ಇತ್ತು. ಯಾವತ್ತೋ ನಿಲ್ಲಿಸಿದ ಒಂದು ಫೀಚರ್‌ಗೆ ಬರೆದ ಸತ್ತ ಫಂಕ್ಷನ್, ಎಲ್ಲೂ ಕರೆಯದೇ ಇರೋದು, ಅದೂ ಅಲ್ಲಿತ್ತು. ಒಂದೇ ಕೆಲಸ ಮಾಡೋ ಇಬ್ಬರ ಕೋಡ್ ಒಂದೇ ತರ ಕಾಣಬಹುದು, ಆದ್ರೆ ಇಬ್ಬರೂ ಒಂದೇ ತಪ್ಪು ಮಾಡಿ ಒಂದೇ ಹೆಣ ಹೊತ್ಕೊಂಡು ತಿರುಗ್ತಾರೆ ಅಂದ್ರೆ ಯಾರು ನಂಬ್ತಾರೆ.

ಸರ್ವರ್ ಲಾಗ್‌ನಲ್ಲಿ ಆ ಮ್ಯಾಪ್ ಫೈಲ್ ಇಳಿಸಿದ ರಿಕ್ವೆಸ್ಟ್ ಕೂಡ ಇತ್ತು, ಎಚ್‌ಟಿಟ್ರ್ಯಾಕ್ ಬರೆದಿಟ್ಟ ತಾರೀಕಿಗೆ ಹೊಂದುತ್ತೆ. ಲಾಗ್ ಅಳಿಸೋ ಸಮಯ ಹತ್ತಿರ ಬಂದಿತ್ತು, ಮೊದಲ ಕೆಲಸ ಅದನ್ನ ಪಕ್ಕಕ್ಕೆ ತೆಗೆದಿಟ್ಟಿದ್ದು. ಆಮೇಲೆ ನಕಲು ಸೈಟಿನ ಪ್ರತಿ ಪುಟ, ಪ್ರತಿ ಫೈಲ್, ಹೆಡರ್ ಸಮೇತ ಉಳಿಸಿ ಎಸ್‌ಎಚ್‌ಎ 256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂಗೆ, ಒಂದಕ್ಷರ ತಿದ್ದಿದ್ರೂ ಬದಲಾಗುತ್ತೆ) ಹಾಕಿ ಆ ಪಟ್ಟಿಗೆ ಹೊರಗಿನ ಟೈಮ್‌ಸ್ಟ್ಯಾಂಪ್ ತಗೊಂಡ್ವಿ. ನಮ್ಮ ಹತ್ರ ಗಿಟ್ ಹಿಸ್ಟರಿ, ಅಂದ್ರೆ ಕೋಡಿನ ಒಂದೊಂದು ಬದಲಾವಣೆಯ ದಾಖಲೆ, ಇದೆಯಲ್ಲ ಅಂತ ಸಂಸ್ಥೆಯವರು ಅಂದ್ರು, ಇದೆ ನಿಜ, ಆದ್ರೆ ಗಿಟ್ ಕಮಿಟ್‌ನ ತಾರೀಕನ್ನ ಬರೆಯೋರು ತಮಗೆ ಬೇಕಾದಂಗೆ ಹಾಕ್ಕೋಬಹುದು. ಹೊರಗಿನ ಸರ್ವರ್‌ಗೆ ಪುಶ್ ಆದ ದಾಖಲೆ, ವೇಬ್ಯಾಕ್ ಪ್ರತಿ, ಗಿರಾಕಿಗಳಿಗೆ ಕಳಿಸಿದ ಹಳೇ ಮೇಲ್, ಇಂಥ ನಮ್ಮ ಕೈಯಲ್ಲಿ ತಿದ್ದೋಕಾಗದ ಸಂಗತಿ ಜೊತೆಗೆ ಸೇರಿದಾಗ ಅದಕ್ಕೆ ತೂಕ.

ಇದರಲ್ಲಿ ನಿಮ್ಮದು ಎಷ್ಟು?

ಸಂಸ್ಥೆಯವರಿಗೆ ತುಂಬಾ ನೋವಾಗಿದ್ದು ಇಲ್ಲಿ. ವಕೀಲರು ಪುಟವನ್ನ ತುಂಡು ತುಂಡು ಮಾಡಿ ಒಂದೊಂದಕ್ಕೂ ಮಾಲೀಕರು ಯಾರು ಅಂತ ಕೇಳ್ತಾ ಹೋದ್ರು. ಗ್ರಿಡ್ ಮತ್ತೆ ಬಟನ್‌ಗಳು ಬೂಟ್‌ಸ್ಟ್ರ್ಯಾಪ್ ಅನ್ನೋ ರೆಡಿಮೇಡ್ ಡಿಸೈನ್ ಕೋಡಿನದ್ದು, ಎಂಐಟಿ ಲೈಸೆನ್ಸ್, ಯಾರು ಬೇಕಾದ್ರೂ ಬಳಸಬಹುದು. ಫಾಂಟ್ ಬೇರೆಯವರದ್ದು. ಮುಖಪುಟದ ದೊಡ್ಡ ಫೋಟೋ ಸ್ಟಾಕ್ ಫೋಟೋ, ಇವರಿಗೆ ಬಳಸೋ ಪರವಾನಗಿ ಇದೆ ಅಷ್ಟೇ, ಹಕ್ಕು ಫೋಟೋಗ್ರಾಫರ್‌ದು, ಅದನ್ನ ಕದ್ದರೂ ದೂರು ಕೊಡೋಕೆ ಇವರಿಗೆ ಅಧಿಕಾರ ಇಲ್ಲ. ಬೆಲೆ ಪುಟದ ಬರಹ ಎಐ ಟೂಲ್‌ನಲ್ಲಿ ಬರೆಸಿ ಹಾಗೇ ಹಾಕಿದ್ದು ಅಂತ ಗೊತ್ತಾಯ್ತು, ಅಮೆರಿಕದ ಕಾಪಿರೈಟ್ ಆಫೀಸ್ ಮನುಷ್ಯರು ಸೃಷ್ಟಿಸಿದ್ದಕ್ಕೆ ಮಾತ್ರ ರಕ್ಷಣೆ ಅನ್ನುತ್ತೆ, ಬರೀ ಪ್ರಾಂಪ್ಟ್ ಕೊಟ್ಟಿದ್ದು ಸಾಲಲ್ಲ ಅಂತ 2025ರ ಜನವರಿಯ ವರದಿಯಲ್ಲಿ ಬರೆದಿದೆ, ಹಾಗಾಗಿ ಅದೂ ಪಟ್ಟಿಯಿಂದ ಹೊರಗೆ. ಸಹಾಯದ ಪುಟಗಳು ಸಂಸ್ಥೆಯ ನೌಕರರು ಕೂತು ಬರೆದಿದ್ದು, ಅದು ಗಟ್ಟಿ. ಸೀಟ್ ಮ್ಯಾಪ್ ಕೋಡ್ ಕೂಡ ನೌಕರರದ್ದು, ಅದೂ ಗಟ್ಟಿ.

ಚಿತ್ರಗಳ ಹತ್ರ ಬಂದಾಗ ಎಲ್ಲರೂ ಗಪ್‌ಚುಪ್. ಸೈಟಿಗೆ ಮುಖ ಕೊಟ್ಟಿದ್ದೇ ಆ ಇಲಸ್ಟ್ರೇಶನ್‌ಗಳು, ಬರೆದಿದ್ದು ಒಬ್ಬ ಫ್ರೀಲ್ಯಾನ್ಸ್ ಕಲಾವಿದೆ, ದುಡ್ಡು ಪೂರ್ತಿ ಕೊಟ್ಟಿದಾರೆ, ಹಕ್ಕು ವರ್ಗಾವಣೆ ಪತ್ರ ಮಾತ್ರ ಇಲ್ಲ. ದುಡ್ಡು ಕೊಟ್ಟ ಮೇಲೆ ನಮ್ಮದೇ ಅಲ್ವಾ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಆದ್ರೆ ಬಹಳ ದೇಶಗಳಲ್ಲಿ ಹೊರಗಿನವರ ಕೈಲಿ ಮಾಡಿಸಿದ ಕೆಲಸದ ಕಾಪಿರೈಟ್ ಲಿಖಿತವಾಗಿ ಬರೆದುಕೊಡೋವರೆಗೂ ಮಾಡಿದವರದ್ದೇ. ಅಮೆರಿಕದ ಕಾನೂನಂತೂ ಮಾಲೀಕತ್ವದ ವರ್ಗಾವಣೆಗೆ ಸಹಿ ಮಾಡಿದ ಬರಹ ಬೇಕೇ ಬೇಕು ಅನ್ನುತ್ತೆ. ಕಲಾವಿದೆ ಒಳ್ಳೆಯವರು, ವಿಷಯ ಕೇಳಿದ ಕೂಡ್ಲೇ ಒಂದು ಚಿಕ್ಕ ಸಂಭಾವನೆಗೆ ಬರೆದುಕೊಟ್ರು. ಅವರು ಮುನಿಸಿಕೊಂಡು ದೂರ ಹೋಗಿದ್ದವರಾಗಿದ್ರೆ ಆ ಚಿತ್ರಗಳನ್ನ ಬಿಟ್ಟೇ ಮುಂದೆ ಹೋಗ್ಬೇಕಿತ್ತು.

ಇನ್ನು ಲೇಔಟ್. "ನೋಡಿದ್ರೇನೇ ಗೊತ್ತಾಗುತ್ತಲ್ಲ, ಎಡಗಡೆ ಫಿಲ್ಟರ್, ನಡುವೆ ಮ್ಯಾಪ್, ಬಲಗಡೆ ಬಿಲ್, ಎಲ್ಲಾ ನಮ್ಮದೇ" ಅಂತ ಪಾಲುದಾರರು ಪಟ್ಟು ಹಿಡಿದಿದ್ದು ಇದರ ಮೇಲೇನೇ. ಕಾಪಿರೈಟ್ ಐಡಿಯಾವನ್ನ ಕಾಯಲ್ಲ, ಅದನ್ನ ಹೇಳಿದ ರೂಪವನ್ನ ಕಾಯುತ್ತೆ, ವಿಧಾನ ಮತ್ತು ಕಾರ್ಯಾಚರಣೆಯ ಕ್ರಮ ಹೊರಗೆ ಅಂತ ಟ್ರಿಪ್ಸ್ ಅನ್ನೋ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ 9ನೇ ವಿಧಿಯಲ್ಲೇ ಇದೆ. 1995ರಲ್ಲಿ ಲೋಟಸ್ ಮತ್ತು ಬೋರ್ಲ್ಯಾಂಡ್ ಕೇಸ್‌ನಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟು ಸ್ಪ್ರೆಡ್‌ಶೀಟ್‌ನ ಮೆನು ವ್ಯವಸ್ಥೆಯನ್ನ ಕಾರ್ಯಾಚರಣೆಯ ವಿಧಾನ ಅಂತ ಕರೆದು ರಕ್ಷಣೆ ಇಲ್ಲ ಅಂದಿತ್ತು, ಮರುವರ್ಷ ಸುಪ್ರೀಂ ಕೋರ್ಟಲ್ಲಿ ನ್ಯಾಯಾಧೀಶರು ಸಮಸಮ ಆಗಿದ್ದಕ್ಕೆ ಆ ತೀರ್ಪೇ ಉಳೀತು. ಯುರೋಪಿನ ನ್ಯಾಯಾಲಯ 2010ರಲ್ಲಿ ಗ್ರಾಫಿಕ್ ಇಂಟರ್ಫೇಸ್ ಅನ್ನೋದು ಕಂಪ್ಯೂಟರ್ ಪ್ರೋಗ್ರಾಮ್‌ನ ಅಭಿವ್ಯಕ್ತಿ ಅಲ್ಲ, ಸೃಷ್ಟಿಕರ್ತರ ಸ್ವಂತ ಬುದ್ಧಿಯ ಕೆಲಸ ಆಗಿದ್ರೆ ಮಾತ್ರ ಸಾಮಾನ್ಯ ಕಾಪಿರೈಟ್ ಸಿಗಬಹುದು ಅಂತು, 2012ರಲ್ಲಿ ಎಸ್‌ಎಎಸ್ ಕಂಪನಿಯ ಕೇಸಲ್ಲಿ ಸಾಫ್ಟ್‌ವೇರ್ ಏನು ಕೆಲಸ ಮಾಡುತ್ತೆ ಅನ್ನೋದಕ್ಕೆ ರಕ್ಷಣೆ ಇಲ್ಲ ಅಂತ ಇನ್ನೂ ನೇರವಾಗಿ ಹೇಳ್ತು. ಅಮೆರಿಕದ ಕಾಪಿರೈಟ್ ಆಫೀಸು ವೆಬ್ ಪುಟದ ಲೇಔಟನ್ನ ನೋಂದಾಯಿಸೋದೇ ಇಲ್ಲ. ಹಾಗಾಗಿ ಲೇಔಟ್ ಬಿಟ್ಟಾಕಿ ಅಂತ ವಕೀಲರು ಹೇಳಿದ್ರು. ಒಂದು ವಾರ ಮಾತು ಬಿಟ್ಟಿದ್ರು ಅನ್ಸುತ್ತೆ ಆ ಪಾಲುದಾರರು.

ಅಂತರರಾಷ್ಟ್ರೀಯ ಕಾಪಿರೈಟ್ ಅಂತ ಒಂದು ಕಾಗದ ಇದೆಯಾ

ಇಲ್ಲ. ಬೇರೆ ದೇಶದಲ್ಲೂ ರಿಜಿಸ್ಟರ್ ಮಾಡಿಸಿಕೊಡ್ತೀವಿ, ವಿಶ್ವವ್ಯಾಪಿ ಕಾಪಿರೈಟ್ ಸರ್ಟಿಫಿಕೇಟ್ ಕೊಡ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಓಡಿ. ಇರೋದು ಒಪ್ಪಂದಗಳು. 1886ರ ಬರ್ನ್ ಒಪ್ಪಂದದಲ್ಲಿ 180ಕ್ಕೂ ಹೆಚ್ಚು ದೇಶಗಳಿವೆ, ಒಂದು ಸದಸ್ಯ ದೇಶದವರ ಕೃತಿಗೆ ಇನ್ನೊಂದು ಸದಸ್ಯ ದೇಶ ತನ್ನವರಿಗೆ ಕೊಟ್ಟಷ್ಟೇ ರಕ್ಷಣೆ ಕೊಡ್ಬೇಕು, ಅದಕ್ಕೆ ನೋಂದಣಿ ಅಂತ ಷರತ್ತು ಹಾಕಂಗಿಲ್ಲ. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್‌ನ 10ನೇ ವಿಧಿ ಸೋರ್ಸ್ ಕೋಡೇ ಇರಲಿ ಆಬ್ಜೆಕ್ಟ್ ಕೋಡೇ ಇರಲಿ ಕಂಪ್ಯೂಟರ್ ಪ್ರೋಗ್ರಾಮನ್ನ ಸಾಹಿತ್ಯ ಕೃತಿ ತರ ಕಾಯಬೇಕು ಅನ್ನುತ್ತೆ. ಅಂದ್ರೆ ಹಕ್ಕು ಎಲ್ಲಾ ಕಡೆ ಇದೆ, ಜಾರಿ ಮಾಡ್ಸೋದು ಮಾತ್ರ ಆಯಾ ದೇಶದ ಕಾನೂನು, ಆಯಾ ದೇಶದ ಕೋರ್ಟು, ಆಯಾ ದೇಶದ ವಕೀಲರ ಫೀಸು. ಈ ಪ್ರಕರಣದಲ್ಲಿ ಕದ್ದವರು ಕೂತ ದೇಶದಲ್ಲಿ ಕೇಸ್ ಹಾಕೋಕೆ ಅಂದಾಜು ತರಿಸಿ ನೋಡಿದ್ರು, ಗೆದ್ದರೂ ಬರೋದಕ್ಕಿಂತ ಖರ್ಚೇ ಜಾಸ್ತಿ, ಅಲ್ಲಿಗೆ ಆ ಮಾತು ನಿಂತೋಯ್ತು.

ಹಾಗಾಗಿ ಕದ್ದವರನ್ನ ಬಿಟ್ಟು ಕದ್ದ ಫೈಲ್ ಎಲ್ಲಿದೆ ಅಂತ ಹುಡುಕೋಕೆ ಹೊರಟ್ವಿ. ಡೊಮೇನ್ ಮಾಲೀಕರ ಹೆಸರು ಸಿಗ್ಲಿಲ್ಲ, 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆ ಕಾನೂನು ಜಿಡಿಪಿಆರ್ ಬಂದ್ಮೇಲೆ ಆ ದಾಖಲೆಗಳಲ್ಲಿ ವೈಯಕ್ತಿಕ ವಿವರ ಬಹುತೇಕ ಮುಚ್ಚಿಯೇ ಇರುತ್ತೆ. ಐಪಿ ಹುಡುಕಿದ್ರೆ ಸಿಗೋದು ಸಿಡಿಎನ್ ಒಂದರ ವಿಳಾಸ. ಪಾಲುದಾರರು ಆ ಸಿಡಿಎನ್ ಮೇಲೇ ಹರಿಹಾಯೋಕೆ ರೆಡಿ ಇದ್ರು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ. ಸಿಡಿಎನ್ ನಡುವೆ ನಿಂತು ಟ್ರಾಫಿಕ್ ದಾಟಿಸುತ್ತೆ, ಮೂಲ ಫೈಲ್ ಇರೋದು ಅದರ ಹಿಂದೆ ಇರೋ ಹೋಸ್ಟ್‌ನಲ್ಲಿ, ಅಂದ್ರೆ ಸೈಟಿಗೆ ಸರ್ವರ್ ಬಾಡಿಗೆ ಕೊಟ್ಟ ಕಂಪನಿಯಲ್ಲಿ. 2021ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು ಮಾನ್ ಶೆರಿ ಬ್ರೈಡಲ್ಸ್ ಅನ್ನೋ ಮದುವೆ ಉಡುಪಿನ ಕಂಪನಿ ಕ್ಲೌಡ್‌ಫ್ಲೇರ್ ಅನ್ನೋ ಸಿಡಿಎನ್ ಕಂಪನಿ ವಿರುದ್ಧ ಹಾಕಿದ್ದ ಕೇಸಲ್ಲಿ, ಇಂಥ ಸೇವೆ ಕೊಟ್ಟ ಮಾತ್ರಕ್ಕೆ ಕಳ್ಳತನಕ್ಕೆ ಗಣನೀಯವಾಗಿ ನೆರವಾದಂಗಲ್ಲ ಅಂತ ಹೇಳಿದೆ. ಆದ್ರೆ ಸಿಡಿಎನ್‌ನ ದೂರಿನ ಫಾರ್ಮ್ ತುಂಬಿದ್ರೆ ದೂರನ್ನ ಹೋಸ್ಟ್‌ಗೆ ದಾಟಿಸಿ ಹೋಸ್ಟ್ ಯಾರು ಅಂತ ತಿಳಿಸೋ ಪದ್ಧತಿ ಇರುತ್ತೆ, ನಮಗೆ ಬೇಕಾಗಿದ್ದೂ ಅಷ್ಟೇ. ಹೋಸ್ಟ್ ಅಮೆರಿಕದ್ದು ಅಂತ ಗೊತ್ತಾದಾಗ ವಕೀಲರ ಮುಖ ಅರಳ್ತು.

ಎರಡು ನೋಟಿಸು

ಅಮೆರಿಕದ ಹೋಸ್ಟ್ ಆದ್ರೆ 1998ರ ಡಿಎಂಸಿಎ ಅನ್ನೋ ಅಲ್ಲಿನ ಕಾಪಿರೈಟ್ ಕಾನೂನು ಕೈಗೆ ಬರುತ್ತೆ. ಅದರ 512ನೇ ಸೆಕ್ಷನ್ ಪ್ರಕಾರ ಸರಿಯಾದ ನೋಟಿಸ್ ಬಂದ್ಮೇಲೆ ಹೋಸ್ಟ್ ಬೇಗ ತೆಗೆದುಹಾಕಿದ್ರೆ ಗಿರಾಕಿಯ ಕಳ್ಳತನಕ್ಕೆ ಪರಿಹಾರ ಕಟ್ಟೋ ಹೊಣೆಯಿಂದ ಅದು ತಪ್ಪಿಸ್ಕೋಬಹುದು, ಅದಕ್ಕೇ ಹೋಸ್ಟ್‌ಗಳು ಕೇಳ್ತಾರೆ. ನೋಟಿಸ್ ಕಳಿಸೋಕೆ ಅಮೆರಿಕದವರೇ ಆಗಬೇಕಿಲ್ಲ, ನೋಂದಣಿಯೂ ಬೇಕಿಲ್ಲ.

ಮೊದಲ ನೋಟಿಸನ್ನ ಸಂಸ್ಥೆಯವರು ನಮ್ಮನ್ನ ಕೇಳೋಕೆ ಮುಂಚೆನೇ ಕಳಿಸಿದ್ರು, ಸಿಡಿಎನ್ ಮೂಲಕ. "ಈ ವೆಬ್‌ಸೈಟ್ ನಮ್ಮ ಸಂಪೂರ್ಣ ಲುಕ್ ಅಂಡ್ ಫೀಲ್ ಕದ್ದಿದೆ, ತಕ್ಷಣ ಬಂದ್ ಮಾಡಿ", ಕೆಳಗೆ ಮುಖಪುಟದ ಯುಆರ್‌ಎಲ್ ಒಂದೇ. ಹೋಸ್ಟ್‌ನಿಂದ ಬಂದ ಉತ್ತರ, ಯಾವ ಕೃತಿ ಯಾವ ಜಾಗದಲ್ಲಿ ನಿರ್ದಿಷ್ಟವಾಗಿ ಹೇಳಿ ಅಂತ. ಅವರದ್ದೇನೂ ತಪ್ಪಿಲ್ಲ, ಕಾನೂನು ಕೇಳೋದೂ ಅದನ್ನೇ.

ಎರಡನೇ ನೋಟಿಸ್ ವಕೀಲರು ಬರೆದಿದ್ದು. ಅದರಲ್ಲಿ ಸೀಟ್ ಮ್ಯಾಪ್‌ನ ಸ್ಕ್ರಿಪ್ಟ್ ಫೈಲುಗಳು, ಇಲಸ್ಟ್ರೇಶನ್‌ಗಳು, ಸಹಾಯದ ಪುಟಗಳು, ಪ್ರತಿಯೊಂದಕ್ಕೂ ಎಡಗಡೆ ಮೂಲದ ಯುಆರ್‌ಎಲ್ ಬಲಗಡೆ ನಕಲಿನ ಯುಆರ್‌ಎಲ್, ಮೊದಲು ಪ್ರಕಟವಾದ ತಾರೀಕು, ವೇಬ್ಯಾಕ್ ಕೊಂಡಿ. ಸಂಪರ್ಕ ವಿವರ, ಈ ಬಳಕೆಗೆ ಅನುಮತಿ ಇಲ್ಲ ಅಂತ ಪ್ರಾಮಾಣಿಕವಾಗಿ ನಂಬ್ತೀವಿ ಅನ್ನೋ ಹೇಳಿಕೆ, ನೋಟಿಸಿನಲ್ಲಿರೋದು ಸರಿ ಇದೆ ಅನ್ನೋ ಹೇಳಿಕೆ, ಮಾಲೀಕರ ಪರವಾಗಿ ಬರೆಯೋ ಅಧಿಕಾರ ಇದೆ ಅಂತ ಸುಳ್ಳು ಹೇಳಿದ್ರೆ ಶಿಕ್ಷೆಗೆ ಒಳಪಟ್ಟು ಮಾಡೋ ಘೋಷಣೆ, ಸಹಿ. ಫೋಟೋ ಇಲ್ಲ, ಲೇಔಟ್ ಇಲ್ಲ, ಬೆಲೆ ಪುಟ ಇಲ್ಲ. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹಕ್ಕು ಹೇಳಿದ್ರೆ ಅದೇ ಸೆಕ್ಷನ್‌ನಲ್ಲಿ ನಷ್ಟ ಕಟ್ಟಿಕೊಡೋ ಹೊಣೆಯೂ ಇದೆ, ಆ ಸ್ಟಾಕ್ ಫೋಟೋ ನಮ್ಮದು ಅಂದಿದ್ರೆ ಎದುರಿನವರ ಕೈಗೆ ಕೋಲು ಕೊಟ್ಟಂಗೆ ಆಗ್ತಿತ್ತು. ವಿಳಾಸದ ಜಾಗದಲ್ಲಿ ಯಾರ ಮನೆ ವಿಳಾಸವೂ ಬೇಡ ಅಂತ ವಕೀಲರ ಆಫೀಸಿನದ್ದೇ ಹಾಕಿದ್ರು, ನೋಟಿಸ್ ಪ್ರತಿ ಕದ್ದವರಿಗೂ ಹೋಗುತ್ತಲ್ಲ.

ಹೋಸ್ಟ್ ಆ ಫೈಲುಗಳನ್ನ ತೆಗೀತು. ಸೀಟ್ ಮ್ಯಾಪ್ ಸ್ಕ್ರಿಪ್ಟ್ ಹೋದ್ರೆ ಅಲ್ಲಿ ಮಾರೋಕೇನಿದೆ, ಸೈಟ್ ಇದ್ದೂ ಸತ್ತಂಗೆ. ಪೂರ್ತಿ ಸೈಟ್ ಬಂದ್ ಮಾಡಿ ಅಂತ ಕೇಳಿದ್ದಕ್ಕಿಂತ ನಾಲ್ಕಾರು ಫೈಲ್ ಕೇಳಿದ್ದು ಹೆಚ್ಚು ಕೆಲಸ ಮಾಡ್ತು ನೋಡಿ.

ಆಮೇಲೆ ಕದ್ದವರಿಂದ ಕೌಂಟರ್ ನೋಟಿಸ್ ಬಂತು, ಇದು ನಾವು ದುಡ್ಡು ಕೊಟ್ಟು ಕೊಂಡ ಟೆಂಪ್ಲೇಟ್ ಅಂತ. ಇಲ್ಲಿ ಎಲ್ಲರೂ ಬೆವರಿದ್ರು. ಕ್ರಮಬದ್ಧ ಕೌಂಟರ್ ನೋಟಿಸ್ ಬಂದ್ರೆ ದೂರು ಕೊಟ್ಟವರು ಕೋರ್ಟಿಗೆ ಹೋಗ್ಬೇಕು, ಹೋಗದಿದ್ರೆ 10ರಿಂದ 14 ಕೆಲಸದ ದಿನಗಳಲ್ಲಿ ಹೋಸ್ಟ್ ಫೈಲ್ ವಾಪಸ್ ಹಾಕುತ್ತೆ. ಕೋರ್ಟ್ ಅಂದ್ರೆ ಅಮೆರಿಕದ ಫೆಡರಲ್ ಕೋರ್ಟು. ಅಮೆರಿಕದ ಕೃತಿಗಳಿಗೆ ಕೇಸ್ ಹಾಕೋಕೆ ಮುಂಚೆ ನೋಂದಣಿ ಆಗಿರಲೇಬೇಕು, 2019ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ಹಾಕಿದ್ರೆ ಸಾಲಲ್ಲ, ಕಾಪಿರೈಟ್ ಆಫೀಸ್ ತೀರ್ಮಾನ ಕೊಟ್ಟಿರಬೇಕು ಅಂದಿದೆ. ಹೊರದೇಶದ ಕೃತಿಗಳಿಗೆ ಈ ಷರತ್ತಿಲ್ಲ, ಸರಿ, ಆದ್ರೆ ಇಂಟರ್ನೆಟ್‌ಗೆ ಹಾಕಿದ ಕ್ಷಣ ಅದು ಅಮೆರಿಕದಲ್ಲೂ ಪ್ರಕಟ ಆಯ್ತಾ, ಆಗ ಅದೂ ಅಮೆರಿಕದ ಕೃತಿ ಆಗ್ಬಿಡುತ್ತಾ ಅಂತ ಒಂದು ತಲೆನೋವಿನ ಪ್ರಶ್ನೆ ಇದೆ. 2009ರಲ್ಲಿ ಡೆಲವೇರ್‌ನ ಫೆಡರಲ್ ಕೋರ್ಟು ಜರ್ಮನಿಯ ಸೈಟಲ್ಲಿ ಹಾಕಿದ ಫೋಟೋಗಳ ಕೇಸಲ್ಲಿ ಹಾಗಾಗಲ್ಲ ಅಂತು, 2011ರಲ್ಲಿ ಫ್ಲೋರಿಡಾದ ಕೋರ್ಟು ಬೇರೆ ದಿಕ್ಕು ಹಿಡೀತು. ಅದೂ ಅಲ್ದೆ ಕಾನೂನು ನಿಗದಿ ಮಾಡಿರೋ ಪರಿಹಾರ, ಅಂದ್ರೆ ಒಂದು ಕೃತಿಗೆ 750ರಿಂದ 30,000 ಡಾಲರ್, ಬೇಕಂತಲೇ ಮಾಡಿದ್ರೆ 1,50,000 ಡಾಲರ್ ತನಕ, ಮತ್ತೆ ವಕೀಲರ ಖರ್ಚು, ಇದು ಬೇಕಂದ್ರೆ ಕಳ್ಳತನ ಶುರು ಆಗೋಕೆ ಮುಂಚೆ ಅಥವಾ ಪ್ರಕಟವಾದ 3 ತಿಂಗಳೊಳಗೆ ನೋಂದಣಿ ಆಗಿರಬೇಕು, ಹೊರದೇಶದವರಿಗೂ ಇದು ಅನ್ವಯ. ಇವರು ಮಾಡಿಸಿರ್ಲಿಲ್ಲ. ಅಮೆರಿಕದಲ್ಲಿ 2022ರಿಂದ ಚಿಕ್ಕ ದಾವೆಗಳಿಗೆ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ಇದೆ, 30,000 ಡಾಲರ್ ಮಿತಿ, ಆದ್ರೆ ಎದುರಾಳಿ ಅಮೆರಿಕದಲ್ಲಿ ಇಲ್ಲದಿದ್ರೆ ಅದೂ ಉಪಯೋಗ ಇಲ್ಲ.

ಉಳಿಸಿದ್ದು ಕೌಂಟರ್ ನೋಟಿಸಿನ ಒಳಗಿದ್ದ ಹುಳುಕು. ಅದರಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಇರಬೇಕು, ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿದೀನಿ ಅಂತ ಬರೆದುಕೊಡ್ಬೇಕು. ಕದ್ದವರು ಅದನ್ನ ಬರೀಲಿಲ್ಲ, ವಿಳಾಸವನ್ನೂ ಕೊಡ್ಲಿಲ್ಲ, ಕೊಟ್ರೆ ಸಿಕ್ಕಾಕೋತಾರಲ್ಲ. ವಕೀಲರು ಅದನ್ನ ಎತ್ತಿ ತೋರಿಸಿದ್ರು, ಹೋಸ್ಟ್ ಕೌಂಟರ್ ನೋಟಿಸನ್ನ ತಿರಸ್ಕರಿಸ್ತು. ನನ್ನ ಪ್ರಕಾರ ಡಿಎಂಸಿಎಯಲ್ಲಿ ಜನ ಕಡೆಗಣಿಸೋ ಜಾಗ ಇದೇ, ಅಡಗಿಕೊಂಡೇ ವಾದ ಮಾಡ್ತೀನಿ ಅನ್ನೋರಿಗೆ ಇಲ್ಲಿ ದಾರಿ ಇಲ್ಲ.

ಓಡಿಹೋದ ಮೇಲೆ

ಸೈಟ್ ಇನ್ನೊಂದು ದೇಶದ ಹೋಸ್ಟ್‌ಗೆ ಹೋಯ್ತು, ಡಿಎಂಸಿಎ ನೋಟಿಸ್ ಕಡೆಗಣಿಸ್ತೀವಿ ಅಂತಾನೇ ಜಾಹೀರಾತು ಕೊಡೋ ಜಾತಿಯದ್ದು. ಯುರೋಪಿನ ಹೋಸ್ಟ್ ಆಗಿದ್ರೆ ಡಿಜಿಟಲ್ ಸರ್ವಿಸಸ್ ಆಕ್ಟ್‌ನ 16ನೇ ವಿಧಿ ಪ್ರಕಾರ ನೋಟಿಸ್ ಕೊಡಬಹುದಿತ್ತು, 2024ರ ಫೆಬ್ರವರಿ 17ರಿಂದ ಅದು ಪೂರ್ತಿ ಜಾರಿಯಲ್ಲಿದೆ, ಅದೂ ಅಲ್ಲ. ಡೊಮೇನನ್ನೇ ಕಿತ್ಕೊಳ್ಳೋಣ ಅಂತ ಯುಡಿಆರ್‌ಪಿ, ಅಂದ್ರೆ ಡೊಮೇನ್ ಹೆಸರಿನ ಜಗಳ ಬಗೆಹರಿಸೋ ವ್ಯವಸ್ಥೆ, ಅದರ ಮಾತು ಬಂತು, ಅದು ಟ್ರೇಡ್‌ಮಾರ್ಕ್ ಜಗಳಕ್ಕೆ ಮಾತ್ರ, ಆ ಡೊಮೇನ್ ಹೆಸರಿಗೂ ಇವರ ಹೆಸರಿಗೂ ಸಂಬಂಧಾನೇ ಇಲ್ಲ, ಹಾಗಾಗಿ ಅದೂ ಬಿತ್ತು.

ಉಳಿದಿದ್ದು ಜನ ಆ ಸೈಟಿಗೆ ಬರೋ ದಾರಿ, ಮತ್ತೆ ದುಡ್ಡು ಹೋಗೋ ದಾರಿ. ಸರ್ಚ್ ಎಂಜಿನ್‌ಗಳಿಗೂ 512ರಲ್ಲಿ ಇದೇ ತರದ ವ್ಯವಸ್ಥೆ ಇದೆ, ಗೂಗಲ್‌ಗೆ ಒಂದೊಂದು ಯುಆರ್‌ಎಲ್ ಬರೆದು ಕಳಿಸಿದ್ದಕ್ಕೆ ಆ ಪುಟಗಳು ಫಲಿತಾಂಶದಿಂದ ಹೋದ್ವು. ಗೂಗಲ್ ಇಂಥ ನೋಟಿಸುಗಳ ಪ್ರತಿಯನ್ನ ಲೂಮೆನ್ ಅನ್ನೋ ಸಾರ್ವಜನಿಕ ಸಂಗ್ರಹಕ್ಕೆ ಕಳಿಸುತ್ತೆ, ಅಲ್ಲಿ ಯಾರು ಬೇಕಾದ್ರೂ ಓದಬಹುದು, ಸಿಟ್ಟಿನ ಭಾಷೆ ಬೇಡ ಅನ್ನೋಕೆ ಇದೂ ಒಂದು ಕಾರಣ. ಪೇಮೆಂಟ್ ಕಂಪನಿಗೂ ಅದೇ ಕಡತ ಹೋಯ್ತು, ಜೊತೆಗೆ ಒಂದೇ ಸೀಟ್ ಇಬ್ಬರಿಗೆ ಮಾರಿದ್ದಕ್ಕೆ ಸಿಟ್ಟಾದ ಗಿರಾಕಿಯ ಮೇಲ್, ಅವರ ಅನುಮತಿ ತಗೊಂಡು. ಕಾಪಿರೈಟ್‌ಗಿಂತ ಆ ಮೇಲೇ ಹೆಚ್ಚು ಕೆಲಸ ಮಾಡ್ತು ಅಂತ ನನ್ನ ಅನುಮಾನ, ದುಡ್ಡು ವಾಪಸ್ ಕೇಳೋ ಗಿರಾಕಿಗಳು ಅಂದ್ರೆ ಪೇಮೆಂಟ್ ಕಂಪನಿಗಳಿಗೆ ಭಯ ಜಾಸ್ತಿ. ಅಕೌಂಟ್ ನಿಂತೋಯ್ತು.

ಆ ಸೈಟ್ ಇವತ್ತೂ ಇದೆ. ಸೀಟ್ ಮ್ಯಾಪ್ ಕೋಡನ್ನ ತಾವೇ ಹೊಸದಾಗಿ ಬರೆಸಿದಾರೆ, ಸ್ಪೆಲ್ಲಿಂಗ್ ತಪ್ಪಿಲ್ಲ, ಸತ್ತ ಫಂಕ್ಷನ್ ಇಲ್ಲ, ಚಿತ್ರಗಳು ಬೇರೆ, ಸಹಾಯದ ಪುಟ ಬೇರೆ. ಲೇಔಟ್ ಮಾತ್ರ ಅದೇ, ಎಡಗಡೆ ಫಿಲ್ಟರ್, ನಡುವೆ ಮ್ಯಾಪ್, ಬಲಗಡೆ ಬಿಲ್. ಕಾಪಿರೈಟಲ್ಲಿ ಅದಕ್ಕೆ ಏನೂ ಮಾಡೋಕಾಗಲ್ಲ. ಮಾಡಬಹುದಾಗಿದ್ದ ಒಂದು ದಾರಿ ಡಿಸೈನ್ ನೋಂದಣಿ, ಅದು ಕಾಪಿರೈಟ್ ಅಲ್ಲ, ಬೇರೆ ಹಕ್ಕು. ಯುರೋಪಿನಲ್ಲಿ ಸ್ಕ್ರೀನಿನ ಇಂಟರ್ಫೇಸನ್ನೂ ಡಿಸೈನ್ ಅಂತ ನೋಂದಾಯಿಸಬಹುದು, 5 ವರ್ಷಕ್ಕೊಮ್ಮೆ ನವೀಕರಿಸ್ತಾ 25 ವರ್ಷದ ತನಕ, ಆದ್ರೆ ಮೊದಲ ಸಲ ಬಹಿರಂಗ ಆದ 12 ತಿಂಗಳೊಳಗೆ ಅರ್ಜಿ ಹಾಕ್ಬೇಕು. ಇವರ ಪುಟ ಅದಕ್ಕಿಂತ ಹಳೇದು, ಆ ಬಾಗಿಲು ಮುಚ್ಚಿತ್ತು.

ಸಂಸ್ಥೆಯಲ್ಲಿ ಕೆಲವು ಬದಲಾವಣೆ ಆಗಿದೆ. ಸೋರ್ಸ್ ಮ್ಯಾಪ್ ಈಗ ಹೊರಗೆ ಹೋಗಲ್ಲ. ಕೋಡಿನ ಮೇಲ್ಭಾಗದಲ್ಲಿ ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗೋ ಕಾಮೆಂಟಲ್ಲಿ ಕಾಪಿರೈಟ್ ಸಾಲು ಇಡ್ತಾರೆ, ಬಹಳಷ್ಟು ಮಿನಿಫೈಯರ್‌ಗಳು ಅದನ್ನ ಉಳಿಸ್ತಾವೆ, ಆ ಸಾಲನ್ನ ಕಳ್ಳತನ ಮುಚ್ಚೋಕೆ ಅಂತ ಬೇಕಂತಲೇ ಅಳಿಸಿದ್ರೆ ಅಮೆರಿಕದ ಕಾನೂನಲ್ಲಿ ಅದೇ ಬೇರೆ ತಪ್ಪು, 1202ನೇ ಸೆಕ್ಷನ್, ಒಂದೊಂದಕ್ಕೆ 2,500ರಿಂದ 25,000 ಡಾಲರ್ ತನಕ ಪರಿಹಾರ. ಫ್ರೀಲ್ಯಾನ್ಸರ್‌ಗಳ ಬಿಲ್ ಪಾಸ್ ಆಗೋಕೆ ಮುಂಚೆ ಹಕ್ಕು ವರ್ಗಾವಣೆಗೆ ಸಹಿ. ಹೊಸ ಆವೃತ್ತಿಯ ಕೋಡನ್ನ ಬಿಡುಗಡೆ ಆದ ಕೂಡ್ಲೇ ಅಮೆರಿಕದಲ್ಲಿ ನೋಂದಾಯಿಸೋಕೆ ಕಡತ ರೆಡಿ ಮಾಡ್ತಿದಾರೆ. ಲೇಔಟ್ ವಿಷಯಕ್ಕೆ ಮುನಿಸಿಕೊಂಡಿದ್ದ ಪಾಲುದಾರರು ಹೊಸ ಸೀಟ್ ಮ್ಯಾಪ್‌ನ ಸ್ಕ್ರೀನ್ ಡಿಸೈನ್ ಅರ್ಜಿಯನ್ನ ತಾವೇ ನೋಡ್ಕೋತೀನಿ ಅಂತ ತಗೊಂಡಿದಾರೆ. ಅರ್ಜಿ ಹೋಗೋವರೆಗೂ ಗಿರಾಕಿಗಳಿಗೂ ಡೆಮೋ ತೋರಿಸಂಗಿಲ್ಲ ಅಂತ ಹೇಳಿರೋದ್ರಿಂದ ಸೇಲ್ಸ್‌ನವರ ಜೊತೆ ಈಗ ದಿನಾ ಜಗಳ ನಡೀತಿದೆ.